ವಖಾರಿ ಕಂಪ್ಯೂಟರಿಗೆ ವಿಂಡೋ ಮ್ಯಾನೇಜರ್ ನಾನೇ ಬರ್ದಿದ್ದು

ಶಿರಸೀಲಿ ನಮ್ಮ ಭಾವನ ಅಡಿಕೆ ವಖಾರಿಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ, 1 ಜಿಬಿ ರ್‍ಯಾಮ್. ಅಲ್ಲಿ ಬೇಕಾಗಿದ್ದು ಎರಡೇ ವಿಂಡೋ, ಎಡಗಡೆ ರಾಶಿ, ಚಾಲಿ, ಬೆಟ್ಟೆ (ಎಲ್ಲಾ ಅಡಿಕೆ ಬಗೆ) ತೂಕ ಹಾಕೋ ಎಂಟ್ರಿ, ಬಲಗಡೆ ಆವತ್ತಿನ ಲಿಸ್ಟು. "ಒಂದು ಇನ್ನೊಂದರ ಹಿಂದೆ ಹೋಗಿ ಕೂತ್ಕತ್ತು ಮಾರಾಯ, ಹುಡ್ಕದೇ ಕೆಲಸ ಆಗೋತು" ಅಂತ ಭಾವಂದು ಗೋಳು.

ಲಿನಕ್ಸ್ ಹಾಕಿ, ಡೆಸ್ಕ್‌ಟಾಪ್ ಏನೂ ಹಾಕ್ದೆ ಬರೀ ಎಕ್ಸ್ ಸರ್ವರ್ (ಪರದೆ ಮೇಲೆ ವಿಂಡೋ ತೋರ್ಸೋ ಪ್ರೋಗ್ರಾಮು) ಮತ್ತೆ ಕಮಾಂಡ್ ಟೈಪ್ ಮಾಡೋ ಒಂದು ಟರ್ಮಿನಲ್ ಶುರು ಮಾಡ್ದೆ. ಇದನ್ನ ಒಂದ್ಸಲ ಮಾಡಿ ನೋಡಿ, ಮಜಾ ಇದೆ. ವಿಂಡೋ ಎಡ ಮೂಲೇಲಿ ಅಂಟ್ಕೊಂಡಿರತ್ತೆ, ಮೇಲೆ ಪಟ್ಟಿ ಇಲ್ಲ, ಮುಚ್ಚೋ ಬಟನ್ ಇಲ್ಲ, ಎಳೆಯೋಕಾಗಲ್ಲ, ಮೌಸ್ ಬಾಣ ಅದರ ಮೇಲಿದ್ರೆ ಮಾತ್ರ ಟೈಪ್ ಆಗತ್ತೆ. ಎಂಐಟಿಯಲ್ಲಿ 1984ರಲ್ಲಿ ಹುಟ್ಟಿದ ಎಕ್ಸ್‌ನ (ಈಗ್ಲೂ ಓಡ್ತಿರೋ 11ನೇ ಆವೃತ್ತಿ 1987ರದ್ದು) ಲೆಕ್ಕಾಚಾರವೇ ಹಂಗೆ, ಪರದೆ ಕೀಬೋರ್ಡ್ ಮೌಸ್ ಸರ್ವರ್ ನೋಡ್ಕೊಳ್ಳತ್ತೆ, ಯಾವ ವಿಂಡೋ ಎಲ್ಲಿರಬೇಕು ಅನ್ನೋದು ಬೇರೆ ಪ್ರೋಗ್ರಾಮಿನ ತಲೆನೋವು, ಅದೇ ವಿಂಡೋ ಮ್ಯಾನೇಜರ್.

ಆ ಪ್ರೋಗ್ರಾಮನ್ನ ಸಿ ಭಾಷೇಲಿ ಎಕ್ಸ್‌ಲಿಬ್ (ಎಕ್ಸ್ ಸರ್ವರ್ ಜೊತೆ ಮಾತಾಡೋ ಲೈಬ್ರರಿ) ಇಟ್ಕೊಂಡು ಬರ್ದೆ. ಮೊದಲು ರೂಟ್ ವಿಂಡೋ (ಎಲ್ಲಾ ವಿಂಡೋಗಳ ಹಿಂದೆ ಇಡೀ ಪರದೆ ತುಂಬಿರೋದು) ಮೇಲೆ ಸಬ್‌ಸ್ಟ್ರಕ್ಚರ್ ರೀಡೈರೆಕ್ಟ್, ಅಂದ್ರೆ ವಿಂಡೋ ತೋರ್ಸೋ ಕೋರಿಕೆಗಳು ಮೊದ್ಲು ನಮ್ಗೇ ಬರ್ಲಿ ಅನ್ನೋ ಹಕ್ಕು, ಕೇಳ್ಬೇಕು. ಅದು ಒಂದು ಸಲಕ್ಕೆ ಒಬ್ರಿಗೇ ಸಿಗೋದು, ಈಗಾಗ್ಲೇ ಇನ್ನೊಂದು ಮ್ಯಾನೇಜರ್ ಇದ್ರೆ ಬ್ಯಾಡ್‌ಆಕ್ಸೆಸ್ ಅಂತ ಮುಖಕ್ಕೆ ಹೊಡ್ದಂಗೆ ಎರರ್ ಬರತ್ತೆ. ಸಿಕ್ಕ ಮೇಲೆ ಯಾವ ಆ್ಯಪ್ "ನನ್ನ ವಿಂಡೋ ತೋರ್ಸು" ಅಂದ್ರೂ ಸರ್ವರ್ ತೋರ್ಸಲ್ಲ, ಮ್ಯಾಪ್‌ರಿಕ್ವೆಸ್ಟ್ ಅಂತ ನಮ್ಗೆ ದಾಟಿಸತ್ತೆ. ನಾನು ವಿಂಡೋದ ಕ್ಲಾಸ್ ಹೆಸರು ನೋಡಿ ಎಂಟ್ರಿಯಾದ್ರೆ ಎಡ ಅರ್ಧ, ಲಿಸ್ಟಾದ್ರೆ ಬಲ ಅರ್ಧ, ಪ್ರಿಂಟ್ ಕೇಳೋ ಚಿಕ್ಕ ಡಬ್ಬಿಯಾದ್ರೆ (ಅದಕ್ಕೆ ಟ್ರಾನ್ಸಿಯಂಟ್ ಅಂತ ಗುರುತಿರತ್ತೆ) ನಡುವೆ ಇಟ್ಟು ಆಮೇಲೆ ಮ್ಯಾಪ್ ಮಾಡ್ತೀನಿ, ಅಂದ್ರೆ ಪರದೆ ಮೇಲೆ ತೋರ್ಸ್ತೀನಿ. ನಾವು ಮ್ಯಾಪ್ ಮಾಡ್ದೆ ಸುಮ್ನಿದ್ರೆ ಆ ವಿಂಡೋ ಕಾಣೋದೇ ಇಲ್ಲ! ಟೆಸ್ಟ್ ಎಲ್ಲಾ ಝೆಫಿರ್ ಒಳಗೆ ಮಾಡಿದ್ದು, ಅದು ವಿಂಡೋ ಒಳಗೇ ಇನ್ನೊಂದು ಎಕ್ಸ್ ಸರ್ವರ್.

ಮುಚ್ಚೋದು ಮಾತ್ರ ಸ್ವಲ್ಪ ಸೂಕ್ಷ್ಮ. ಮ್ಯಾನೇಜರ್ ಡಿಲೀಟ್ ವಿಂಡೋ ಅಂತ ಒಂದು ಸಂದೇಶ ಕಳ್ಸತ್ತೆ ಅಷ್ಟೇ, ಸೇವ್ ಮಾಡ್ಬೇಕಾ ಕೇಳೋದು, ಮುಚ್ಚೋದು ಬಿಡೋದು ಆ್ಯಪ್ ಇಷ್ಟ. ಸೀದಾ ಕಿಲ್ ಮಾಡೋಕೂ ಬರತ್ತೆ, ಆದ್ರೆ ತೂಕ ಅರ್ಧ ಹಾಕಿರುವಾಗ ಹಂಗೆ ಮಾಡಿದ್ರೆ ಭಾವ ನನ್ನನ್ನೇ ಕಿಲ್ ಮಾಡ್ತಿದ್ದ.

ಇನ್ನೊಂದು ವಿಷಯ ಹಿಡಿಸ್ತು, ಮ್ಯಾನೇಜರ್ ಸತ್ರೂ ವಿಂಡೋಗಳು ಸಾಯಲ್ಲ, ಮತ್ತೆ ಶುರು ಮಾಡಿದ್ರೆ ಆಯ್ತು. ಎಕ್ಸ್ ಬದಲಿಗೆ ಅಂತ 2008ರಲ್ಲಿ ಶುರುವಾದ ವೇಲ್ಯಾಂಡ್‌ನಲ್ಲಿ ಸರ್ವರ್, ಮ್ಯಾನೇಜರ್, ಎಲ್ಲರ ಚಿತ್ರ ಜೋಡ್ಸಿ ಪರದೆಗೆ ಹಾಕೋದು ಎಲ್ಲಾ ಕಂಪೋಸಿಟರ್ ಅನ್ನೋ ಒಂದೇ ಪ್ರೋಗ್ರಾಮು, ಒಂದು ಆ್ಯಪ್ ಇನ್ನೊಂದರ ಕೀಲಿ ಒತ್ತಿದ್ದನ್ನ ಕದ್ದು ನೋಡೋಕಾಗಲ್ಲ, ಆ ಲೆಕ್ಕದಲ್ಲಿ ಅದೇ ಮೇಲು, ಆದ್ರೆ ಅದು ಬಿದ್ರೆ ಸಾಮಾನ್ಯವಾಗಿ ತೆರೆದಿದ್ದೆಲ್ಲಾ ಜೊತೆಗೇ ಬೀಳತ್ತೆ. ವಖಾರಿಗೆ ಸದ್ಯಕ್ಕೆ ಎಕ್ಸೇ ಇರ್ಲಿ.