ಬಾಯಲ್ಲಿ ಟೈಪಿಂಗ್, ಬೆರಳಲ್ಲಿ ಕರೆಕ್ಷನ್

"ಮೊಬೈಲ್‌ನಲ್ಲಿ ಮಾತಾಡಿದ್ರೆ ಕನ್ನಡ ತಾನಾಗೇ ಬರುತ್ತಲ್ಲಕ್ಕಾ, ನೀವಿನ್ನೂ ಯಾಕೆ ಕುಟ್ಕೊಂಡು ಕೂತಿದೀರಾ?"

ತಾಲ್ಲೂಕು ಕಚೇರಿ ಹತ್ತಿರ ಡಿಟಿಪಿ ಅಂಗಡಿ ಇಟ್ಟುಕೊಂಡವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಅರಸೀಕೆರೆಯಲ್ಲಿ ನನ್ನ ಅಂಗಡಿಗೆ ಬರುವವರಲ್ಲಿ ಅರ್ಧ ಜನ ಈಗ ಇದನ್ನು ಕೇಳುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಗೂಗಲ್ 2017ರಲ್ಲಿ ಕನ್ನಡಕ್ಕೆ ವಾಯ್ಸ್ ಟೈಪಿಂಗ್ ಕೊಟ್ಟಿತು. ನಾನೂ ದಿನಾ ಅದನ್ನು ಬಳಸುತ್ತೇನೆ. ಆದರೆ ಬಳಸುವ ರೀತಿ ಬೇರೆ. ಯಾವುದಕ್ಕೆ ಬಾಯಿ, ಯಾವುದಕ್ಕೆ ಕ್ಯಾಮೆರಾ, ಯಾವುದಕ್ಕೆ ಬೆರಳು ಅಂತ ಗೊತ್ತಾಗುವ ಹೊತ್ತಿಗೆ ನನ್ನ ಕೆಲಸದ ಕ್ರಮವೇ ಬದಲಾಗಿತ್ತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬೆರಳಿನ ವಿಷಯ. ನಾನು ಕಲಿತದ್ದು 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ. ಈಗಲೂ ಕಂಪ್ಯೂಟರ್‌ನಲ್ಲಿ ಅದೇ. 'ಕನ್ನಡ' ಅಂತ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಬೇಕು. ಐದೇ ಕೀ. ಎಫ್ ಒತ್ತಿದರೆ ಹಿಂದಿನ ಅಕ್ಷರದ ಅಕಾರ ಹೋಗುತ್ತೆ, ಮುಂದೆ ಒತ್ತಿದ್ದು ಒತ್ತಕ್ಷರವಾಗಿ ಕೆಳಗೆ ಕೂರುತ್ತೆ. ಟ ಬೇಕಾದರೆ ಕ್ಯೂ, ಡ ಬೇಕಾದರೆ ಡಬ್ಲ್ಯೂ, ಷ ಬೇಕಾದರೆ ಎಕ್ಸ್. ಹೊಸಬರಿಗೆ ಇದು ವಿಚಿತ್ರ ಅನ್ನಿಸುತ್ತೆ. ಕೈಗೆ ಕೂತ ಮೇಲೆ ಮಾತ್ರ ಇಂಗ್ಲಿಷ್ ಅಕ್ಷರದ ನೆನಪೇ ಇರುವುದಿಲ್ಲ. ಲಕ್ಷ್ಮಿ ಅಂದರೆ ಎಲ್, ಕೆ, ಎಫ್, ಎಕ್ಸ್, ಎಫ್, ಎಂ, ಐ. ಕೊನೆಗೆ ದೀರ್ಘ ಬೇಕಾದರೆ ಶಿಫ್ಟ್ ಹಿಡಿದು ಐ. ಲಗ್ನಪತ್ರಿಕೆಯಲ್ಲಿ ಲಕ್ಷ್ಮಿಯೋ ಲಕ್ಷ್ಮೀಯೋ ಅಂತ ಗಂಡಿನ ಕಡೆ, ಹೆಣ್ಣಿನ ಕಡೆ ವಾದಕ್ಕೆ ನಿಂತಾಗ ಈ ಒಂದು ಶಿಫ್ಟ್ ಕೀ ಬೆಲೆ ತಿಳಿಯುತ್ತೆ.

ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವ ಕೀಬೋರ್ಡ್ ಇದೆಯಲ್ಲ, ಅದು ಊಹೆ ಮಾಡುತ್ತೆ. ನಾಲ್ಕು ಪದ ತೋರಿಸಿ, ಆರಿಸಿಕೋ ಅನ್ನುತ್ತೆ. ಲ, ಳ ಎರಡಕ್ಕೂ ನಾವು ಒತ್ತುವುದು ಒಂದೇ ಎಲ್. ಹಾಗಾಗಿ ಪ್ರತಿ ಪದಕ್ಕೂ ಕಣ್ಣು ಮೇಲೆ ಹೋಗಿ ಕೆಳಗೆ ಬರಬೇಕು. ವಾಟ್ಸ್‌ಆ್ಯಪ್‌ಗೆ ಅದು ಸಾಕು. ಪುಟಗಟ್ಟಲೆ ಕೆಲಸ ಇದ್ದಾಗ ಆಗಲ್ಲ. ಕೆ.ಪಿ. ರಾವ್ ಕೀಲಿಮಣೆ ಊಹೆ ಮಾಡುವುದಿಲ್ಲ. ಒತ್ತಿದ್ದು ಬರುತ್ತೆ, ಅಷ್ಟೇ. ಲಿನಕ್ಸ್ ಹಾಕಿಕೊಂಡವರಿಗೆ ಈ ವಿನ್ಯಾಸ ಒಳಗೇ ಇರುತ್ತೆ, ಬೇರೆ ತಂತ್ರಾಂಶ ಬೇಡ.

ಈಗ ಬಾಯಿಯ ವಿಷಯ.

ಗಿರಾಕಿಗಳು ಈಗ ಕಾಗದದಲ್ಲಿ ಬರೆದು ತರುವುದು ಕಡಿಮೆ. "ಅಕ್ಕಾ, ಮ್ಯಾಟರ್ ಕಳ್ಸಿದೀನಿ ನೋಡಿ" ಅನ್ನುತ್ತಾರೆ. ತೆಗೆದು ನೋಡಿದರೆ ವಾಯ್ಸ್ ಮೆಸೇಜು. ಹಿಂದೆ ಟ್ರ್ಯಾಕ್ಟರ್ ಸದ್ದು, ಮಗು ಅಳು, ನಡುವೆ ಯಾರಿಗೋ "ಏ ಇರೋ" ಅಂತ ಗದರುವುದು. ಕೆಲವರು ಒಂದು ಫೋನಿನಲ್ಲಿ ಅದನ್ನು ಹಾಕಿ, ಇನ್ನೊಂದು ಫೋನಿನ ಮೈಕ್ ಎದುರಿಗೆ ಹಿಡಿದು ಟೈಪ್ ಮಾಡಿಸುತ್ತಾರೆ. ಅದರಿಂದ ಬರುವ ಕನ್ನಡ ಓದಿದರೆ ನಗು ಬರುತ್ತೆ, ಆಮೇಲೆ ತಲೆನೋವು ಬರುತ್ತೆ.

ನಾನು ಮಾಡುವುದು ಹೀಗೆ. ಒಂದು ಕಿವಿಗೆ ಇಯರ್‌ಫೋನ್ ಹಾಕಿ ಅವರ ಮಾತು ಕೇಳುತ್ತೇನೆ. ಒಂದು ವಾಕ್ಯ ಆದ ತಕ್ಷಣ ನಿಲ್ಲಿಸಿ, ಅದನ್ನು ನನ್ನ ಬಾಯಲ್ಲಿ ನಿಧಾನವಾಗಿ ಫೋನಿಗೆ ಹೇಳುತ್ತೇನೆ. ಫೋನಿಗೆ ನನ್ನ ದನಿ ಒಂದೇ ಕೇಳುತ್ತೆ, ಹತ್ತಿರದಿಂದ ಕೇಳುತ್ತೆ, ಸದ್ದಿಲ್ಲದೆ ಕೇಳುತ್ತೆ. ತಪ್ಪು ಎಷ್ಟೋ ಕಡಿಮೆಯಾಗುತ್ತೆ. ಹೇಳಿದ್ದನ್ನು ನೇರವಾಗಿ ಗೂಗಲ್ ಡಾಕ್ಸ್‌ಗೆ ಹಾಕುತ್ತೇನೆ. ಕಂಪ್ಯೂಟರ್‌ನಲ್ಲಿ ಅದೇ ಕಡತ ತೆರೆದಿರುತ್ತೆ. ಫೋನಿನಿಂದ ಕಳಿಸಿಕೊಳ್ಳುವ ರಗಳೆ ಇಲ್ಲ.

ಬಾಯಿ ಬದಲಾಯಿಸುವುದರಲ್ಲಿ ಇನ್ನೊಂದು ಕೆಲಸವೂ ಆಗುತ್ತೆ. ಗಿರಾಕಿ ಹೇಳುವುದು, "ನಮ್ಮಪ್ಪಂಗೆ ಪೆನ್ಸನ್ ಬಂದಿಲ್ಲ ಕಣಕ್ಕ, ಮೂರ್ ತಿಂಗ್ಳಾತು." ಅರ್ಜಿಯಲ್ಲಿ ಬರಬೇಕಾದ್ದು, "ನನ್ನ ತಂದೆಯವರಿಗೆ ಮೂರು ತಿಂಗಳಿನಿಂದ ವೃದ್ಧಾಪ್ಯ ವೇತನ ಬಂದಿರುವುದಿಲ್ಲ." ಕಿವಿಯಿಂದ ಬಾಯಿಗೆ ಬರುವಷ್ಟರಲ್ಲಿ ಅದನ್ನು ಕಚೇರಿ ಕನ್ನಡ ಮಾಡುತ್ತೇನೆ. ಮೊದಲು ಇದನ್ನು ಬೆರಳು ಮಾಡುತ್ತಿತ್ತು. ಈಗ ನಾಲಿಗೆ ಮಾಡುತ್ತೆ. ಪಕ್ಕದಲ್ಲಿ ಕೂತವರಿಗೆ ನಾನು ರೇಡಿಯೋದಲ್ಲಿ ವಾರ್ತೆ ಓದುತ್ತಿರುವ ಹಾಗೆ ಕೇಳುತ್ತಂತೆ. ಇರಬಹುದು. ಫೋನಿಗೆ ಪುಸ್ತಕದ ಕನ್ನಡ ಬೇಗ ಅರ್ಥವಾಗುತ್ತೆ. ನಮ್ಮ ಕಡೆಯ "ಒಂಟೋದ", "ಆಕವ್ರೆ" ಅರ್ಥವಾಗಲ್ಲ. ನನಗೆ ಇದು ಅಷ್ಟು ಇಷ್ಟವಿಲ್ಲ. ಅರ್ಜಿಗೆ ಪರವಾಗಿಲ್ಲ. ಅಜ್ಜಿ ಹೇಳಿದ ಕತೆಯನ್ನೋ ಊರಿನ ಸೋಬಾನೆ ಪದವನ್ನೋ ಬರೆದಿಡಲು ಯಾರಾದರೂ ಬಂದರೆ ಫೋನ್ ಪಕ್ಕಕ್ಕಿಟ್ಟು ಕೈಯಲ್ಲೇ ಹೊಡೆಯುತ್ತೇನೆ. ಇಲ್ಲದಿದ್ದರೆ ಎಲ್ಲ ಅಜ್ಜಿಯರೂ ಒಂದೇ ಶಾಲೆಯಲ್ಲಿ ಓದಿದವರ ಹಾಗೆ ಮಾತಾಡುತ್ತಾರೆ.

ಹೆಸರುಗಳದ್ದು ಬೇರೆಯೇ ಕತೆ. ಹಬ್ಬ, ಜಾತ್ರೆ ಬಂದರೆ ಊರೂರಲ್ಲಿ ಪೌರಾಣಿಕ ನಾಟಕ. ಅದಕ್ಕೆ ಹ್ಯಾಂಡ್‌ಬಿಲ್ ಮಾಡಿಸಲು ಬರುತ್ತಾರೆ. ಎಡಗಡೆ ಪಾತ್ರ, ಬಲಗಡೆ ಪಾತ್ರಧಾರಿ. ಫೋನಿಗೆ ಹೇಳಿದರೆ ಎಡಗಡೆಯದೆಲ್ಲ ಸರಿಯಾಗಿ ಬರುತ್ತೆ. ದುರ್ಯೋಧನ, ಶಕುನಿ, ಅಶ್ವತ್ಥಾಮ, ಯಾವ ಒತ್ತೂ ತಪ್ಪಲ್ಲ. ಬಲಗಡೆಗೆ ಬಂದರೆ ಮುಗಿಯಿತು. ಮಿಲ್ ಕೆಂಚಣ್ಣ ಮಿಲ್ಕ್ ಅಣ್ಣ ಆಗುತ್ತಾನೆ. ಅಶ್ವತ್ಥಾಮನನ್ನು ಬಲ್ಲ ಯಂತ್ರಕ್ಕೆ ಆ ಪಾತ್ರ ಮಾಡುವವನು ಗೊತ್ತಿಲ್ಲ. ನಾಟಕದ ಹ್ಯಾಂಡ್‌ಬಿಲ್‌ನಲ್ಲಿ ದುರ್ಯೋಧನನ ಹೆಸರು ತಪ್ಪಿದರೆ ಯಾರೂ ಕೇಳಲ್ಲ. ಪಾತ್ರಧಾರಿಯ ಹೆಸರು ತಪ್ಪಿದರೆ ಆ ರಾತ್ರಿಯೇ ಮನೆಗೆ ಬರುತ್ತಾರೆ.

ಅದಕ್ಕೆ ನಾನು ಮಾಡಿಕೊಂಡ ಉಪಾಯ, ಫೋನಿನ ಕೀಬೋರ್ಡ್‌ನಲ್ಲಿ ಇರುವ ಸ್ವಂತ ನಿಘಂಟು. ಸೆಟ್ಟಿಂಗ್ಸ್‌ಗೆ ಹೋದರೆ ಪರ್ಸನಲ್ ಡಿಕ್ಷನರಿ ಅಂತ ಇರುತ್ತೆ. ಬಹಳ ಜನ ಅದನ್ನು ತೆಗೆದೇ ನೋಡಿರುವುದಿಲ್ಲ. ಅಲ್ಲಿ ಪದ ಹಾಕಿ, ಪಕ್ಕದಲ್ಲಿ ಒಂದು ಚಿಕ್ಕ ಗುರುತು ಹಾಕಿಟ್ಟರೆ ಆಯಿತು. ಗುರುತು ಒತ್ತಿದಾಗ ಇಡೀ ಪದ ಮೇಲೆ ಬರುತ್ತೆ. ಸುತ್ತಲಿನ ಹಳ್ಳಿಗಳ ಹೆಸರು, ಕುಲದೇವರುಗಳ ಹೆಸರು, ಕಲ್ಯಾಣ ಮಂಟಪಗಳ ಹೆಸರು, "ತಮ್ಮ ಸುಖಾಗಮನವನ್ನು ಬಯಸುವ" ಅನ್ನುವಂಥ ಸಾಲು, ಎಲ್ಲ ಅದರಲ್ಲಿವೆ.

ಇದರಲ್ಲೇ ಒಂದು ಸೂಕ್ಷ್ಮ ಇದೆ. 'ರಾಜ್‌ಕುಮಾರ್' ಅಂತ ಬರೆಯಬೇಕಾದರೆ ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಬೇಕು. ಅದರ ಹೆಸರು ಜೀರೋ ವಿಡ್ತ್ ನಾನ್ ಜಾಯ್ನರ್. ಎರಡನ್ನೂ ಅಂಟಲು ಬಿಡದೆ ನಡುವೆ ನಿಲ್ಲುವುದೇ ಅದರ ಕೆಲಸ. ಅದಿಲ್ಲದಿದ್ದರೆ ಕ ಒತ್ತಾಗಿ ಜ ಕೆಳಗೆ ಹೋಗಿ 'ರಾಜ್ಕುಮಾರ್' ಆಗುತ್ತೆ. ತಪ್ಪೇನಲ್ಲ, ಆದರೆ ಪತ್ರಿಕೆಯಲ್ಲಿ ನೋಡಲು ಚೆನ್ನಾಗಿರಲ್ಲ, ಮದುಮಗನಿಗಂತೂ ಒಪ್ಪಿಗೆಯಾಗಲ್ಲ. ಇಂಥ ಹೆಸರು ಒಮ್ಮೆ ಸರಿಯಾಗಿ ಬಂದರೆ ಸಾಕು, ಅದನ್ನೇ ಕಾಪಿ ಮಾಡಿ ನಿಘಂಟಿಗೆ ಸೇರಿಸುತ್ತೇನೆ.

ಅಂಕಿಗಳನ್ನು ನಾನು ಬಾಯಲ್ಲಿ ಹೇಳುವುದೇ ಇಲ್ಲ. ಸರ್ವೆ ನಂಬರ್ 45/2, ವಿಸ್ತೀರ್ಣ 2 ಎಕರೆ 10 ಗುಂಟೆ, ಇವೆಲ್ಲ ಪಹಣಿ ಎದುರಿಗಿಟ್ಟುಕೊಂಡು ಕೈಯಲ್ಲೇ. ಹೇಳಿದರೆ ಒಮ್ಮೆ ಅಂಕಿಯಲ್ಲಿ, ಒಮ್ಮೆ ಅಕ್ಷರದಲ್ಲಿ ಬರುತ್ತೆ. ಮಾತಿನ ನಡುವೆ "ಒಂದು ದಿನ" ಅಂದದ್ದು "1 ದಿನ" ಆಗಿರುತ್ತೆ. ವಿಭಾಗ ಪತ್ರ, ಪ್ರಮಾಣಪತ್ರ ಮುಂತಾದವನ್ನು ಹೇಳಿ ಬರೆಸದಿರಲು ಬೇರೆ ಕಾರಣವೂ ಇದೆ. ನಾವು ಹೇಳುವ ಮಾತು ಸಾಮಾನ್ಯವಾಗಿ ಫೋನಿನೊಳಗೇ ಉಳಿಯಲ್ಲ, ಇಂಟರ್‌ನೆಟ್ ಮೂಲಕ ಕಂಪನಿಯ ಸರ್ವರ್‌ಗೆ ಹೋಗಿ ಅಕ್ಷರವಾಗಿ ವಾಪಸ್ ಬರುತ್ತೆ. ಯಾರದ್ದೋ ಆಧಾರ್ ನಂಬರು, ಯಾರದ್ದೋ ಮನೆ ಜಗಳ, ನಾನ್ಯಾಕೆ ಊರಾಚೆ ಕಳಿಸಲಿ?

ಕ್ಯಾಮೆರಾ ಬಗ್ಗೆ ನನಗೆ ಒಳ್ಳೆಯ ಮಾತೇ ಜಾಸ್ತಿ. ಹಳೆಯ ಸ್ಮರಣ ಸಂಚಿಕೆ, ಭಜನೆ ಪುಸ್ತಕ, ಸಂಘದ ಬೈಲಾ ತಂದು "ಇದೇ ಥರ ಮತ್ತೆ ಮಾಡಿಕೊಡಿ" ಅನ್ನುವವರಿದ್ದಾರೆ. ಹಿಂದೆ ಮೊದಲಿಂದ ಹೊಡೆಯಬೇಕಿತ್ತು. ಈಗ ಪುಟದ ಫೋಟೋ ತೆಗೆದು ಗೂಗಲ್ ಡ್ರೈವ್‌ಗೆ ಹಾಕಿ, ಡಾಕ್ಸ್‌ನಲ್ಲಿ ತೆರೆದರೆ ಚಿತ್ರದ ಕೆಳಗೆ ಅಕ್ಷರ ಬಂದಿರುತ್ತೆ. ಅಚ್ಚಾದ ಪುಟ ಆಗಿರಬೇಕು, ಕೈಬರಹ ಆಗಲ್ಲ. ಫ್ಲ್ಯಾಶ್ ಹಾಕಬಾರದು. ಕಿಟಕಿ ಬೆಳಕಲ್ಲಿ, ಪುಟದ ಮೇಲೆ ಒಂದು ಗಾಜಿನ ಹಾಳೆ ಇಟ್ಟು ಸಪಾಟು ಮಾಡಿ, ನೇರ ಮೇಲಿನಿಂದ ತೆಗೆಯಬೇಕು. ಬೈಂಡಿಂಗ್ ಹತ್ತಿರ ಸಾಲು ಬಗ್ಗಿದರೆ ಅಲ್ಲೇ ಎಲ್ಲ ಕೆಡುತ್ತೆ. ಎರಡು ಕಾಲಂ ಇದ್ದರೆ ಬೇರೆ ಬೇರೆ ಫೋಟೋ.

ಆಮೇಲೆ ತಿದ್ದುವುದು. ಘ ಮತ್ತು ಫ, ಪ ಮತ್ತು ಷ, ದ ಧ ಥ, ಇವು ಹಳೇ ಮೊಳೆ ಅಚ್ಚಿನಲ್ಲಿ ಮಸಿ ತುಂಬಿಕೊಂಡಿದ್ದರೆ ಮನುಷ್ಯರಿಗೇ ಕಷ್ಟ. ಅದಕ್ಕಿಂತ ಮೋಸದ್ದು ಸೊನ್ನೆ. ಕನ್ನಡ ಅಂಕಿಯ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ. ೧೦ ಅಂತ ಇರುವ ಕಡೆ ಒಂದರ ಪಕ್ಕ ಅನುಸ್ವಾರ ಬಂದು ಕೂತಿರುತ್ತೆ. ಕಣ್ಣಿಗೆ ವ್ಯತ್ಯಾಸ ಕಾಣಲ್ಲ, ಆದರೆ ಹುಡುಕಿದರೆ ಸಿಗಲ್ಲ. ಹಾಗಾಗಿ ಮೊದಲು ಫೈಂಡ್ ರೀಪ್ಲೇಸ್ ಹಾಕಿ, ಪ್ರತಿ ಅಂಕಿಯ ಪಕ್ಕ ಬಂದಿರುವ ಅನುಸ್ವಾರವನ್ನೆಲ್ಲ ಸೊನ್ನೆ ಮಾಡುತ್ತೇನೆ. ಅದಾದ ಮೇಲೆ ಜೆರಾಕ್ಸ್ ನೋಡಿಕೊಳ್ಳುವ ಹುಡುಗ ಮೂಲ ಓದುತ್ತಾನೆ, ನಾನು ಸ್ಕ್ರೀನ್ ನೋಡುತ್ತೇನೆ. ಜೋರಾಗಿ ಓದಿಸಿದರೆ ಸಿಗುವಷ್ಟು ತಪ್ಪು ಸುಮ್ನೆ ನೋಡಿದರೆ ಸಿಗಲ್ಲ.

ಇಷ್ಟೆಲ್ಲ ಯುನಿಕೋಡ್‌ನಲ್ಲಿ, ಅಂದರೆ ಈಗಿನ ಫೋನು, ಕಂಪ್ಯೂಟರ್‌ಗಳೆಲ್ಲ ಬಳಸುವ ಅಕ್ಷರ ಸಂಕೇತದಲ್ಲಿ, ಆದ ಮೇಲೆ ಪ್ರೆಸ್‌ನವರು ಫೋನ್ ಮಾಡುತ್ತಾರೆ. "ಮೇಡಂ, ನುಡಿ ಫಾಂಟಲ್ಲಿ ಕಳ್ಸಿ, ಪೇಜ್‌ಮೇಕರ್‌ನಲ್ಲಿ ಓಪನ್ ಆಗ್ತಿಲ್ಲ." ಪೇಜ್‌ಮೇಕರ್ ಅಂದರೆ ಪುಟ ಕಟ್ಟುವ ಹಳೇ ತಂತ್ರಾಂಶ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದೇ ಕೊನೆಯ ಆವೃತ್ತಿ. ಅದಕ್ಕೆ ಯುನಿಕೋಡ್ ಗೊತ್ತಿಲ್ಲ. ನುಡಿಯಂಥ ಹಳೆಯ ಫಾಂಟ್‌ಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಫಾಂಟ್ ಇಲ್ಲದ ಕಡೆ ತೆರೆದರೆ 'ಕನ್ನಡ' ಅನ್ನುವುದು ಒಂದು ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಗುರುತು ಹೀಗೆ ಕಾಣುತ್ತೆ. ಪರಿವರ್ತಕ ಹಾಕಿ ಬದಲಾಯಿಸಬಹುದು. ಆದರೆ ಅರ್ಕಾವತ್ತು, ದೀರ್ಘ ಇರುವಲ್ಲಿ ಮತ್ತೆ ಕಣ್ಣು ಹಾಯಿಸಬೇಕು. ಈಗ ನಾನು ಪುಟ ಕಟ್ಟಿ ಪಿಡಿಎಫ್ ಮಾಡಿಯೇ ಕಳಿಸುತ್ತೇನೆ. ಒಪ್ಪದವರಿಗೆ ಮಾತ್ರ ಹಳೇ ಫಾಂಟು.

ಹೊಸ ಎಐ ಆ್ಯಪ್‌ಗಳ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಅದರಲ್ಲಿ ಮಾಡಿದ ಲಗ್ನಪತ್ರಿಕೆಯ ಚಿತ್ರ ತಂದು ಪ್ರಿಂಟ್ ಕೇಳುತ್ತಾರೆ. ಬಣ್ಣ, ಹೂವು, ಗಣಪತಿ ಚೆನ್ನಾಗಿರುತ್ತೆ. ಅಕ್ಷರ ಹತ್ತಿರ ಹೋಗಿ ನೋಡಿದರೆ ಕೆಲವು ಯಾವ ಭಾಷೆಯವೂ ಅಲ್ಲ. ಹೂವು ಉಳಿಸಿಕೊಂಡು ಅಕ್ಷರ ಅಳಿಸಿ ನಾನೇ ಹಾಕಿಕೊಡುತ್ತೇನೆ. ಅರ್ಜಿ ಬರೆಸಿ ನೋಡಿದ್ದೇನೆ. ನುಣ್ಣಗೆ ಬರೆಯುತ್ತೆ, ಆದರೆ ಗಿರಾಕಿ ಹೇಳದ ಕಾರಣವನ್ನೂ ತಾನೇ ಸೇರಿಸಿಬಿಡುತ್ತೆ. ತಹಶೀಲ್ದಾರರ ಮುಂದೆ ಆ ಕಾರಣಕ್ಕೆ ಉತ್ತರ ಹೇಳಬೇಕಾದವರು ಗಿರಾಕಿ ಅಲ್ವಾ?

ಕೊಳ್ಳುವ ವಸ್ತುಗಳಲ್ಲಿ ನನ್ನ ಲೆಕ್ಕ ಸರಳ. ದುಬಾರಿ ಮೆಕ್ಯಾನಿಕಲ್ ಕೀಬೋರ್ಡ್ ಬೇಡ. ಅಂಗಡಿಯ ಧೂಳಿಗೆ ಸಾಮಾನ್ಯದ್ದೇ ಸರಿ, ಕೆಟ್ಟರೆ ಹೊಸದು. ಕನ್ನಡ ಅಕ್ಷರದ ಸ್ಟಿಕರ್ ಅಂಟಿಸಿಕೊಳ್ಳುವುದಂತೂ ಬೇಡವೇ ಬೇಡ. ಅದನ್ನು ನೋಡುತ್ತಾ ಕಲಿತವರು ಕೊನೆಯವರೆಗೂ ಕೆಳಗೆ ನೋಡುತ್ತಲೇ ಇರುತ್ತಾರೆ. ದುಡ್ಡು ಹಾಕುವುದಾದರೆ ಮೈಕ್ ಇರುವ ಒಳ್ಳೆಯ ವಯರ್ ಇಯರ್‌ಫೋನ್‌ಗೆ ಹಾಕಿ. ಬ್ಲೂಟೂತ್ ಆದರೆ ಕೆಲಸದ ನಡುವೆ ಚಾರ್ಜ್ ಮುಗಿಯುತ್ತೆ.

ಇನ್ನು ರೇಟು. ಮೊದಲು ನನ್ನ ಬೋರ್ಡಿನಲ್ಲಿ ಪುಟಕ್ಕೆ ಇಷ್ಟು ಅಂತ ಒಂದೇ ಸಾಲಿತ್ತು. ಈಗ ಎರಡು ಮಾಡಿದ್ದೇನೆ, ಟೈಪಿಂಗ್ ಒಂದು, ಪ್ರೂಫ್ ಒಂದು. ಟೈಪಿಂಗ್ ರೇಟು ಇಳಿಸಿದ್ದೇನೆ, ಯಾಕೆಂದರೆ ಅದು ನಿಜವಾಗಿಯೂ ಸುಲಭವಾಗಿದೆ. ಪ್ರೂಫಿಗೆ ಏರಿಸಿದ್ದೇನೆ. ಮೊಬೈಲ್‌ನಲ್ಲಿ ತಾವೇ ಹೇಳಿ ಬರೆಸಿ ತರುವವರೂ ಇದ್ದಾರೆ, ಸಂತೋಷ. ಅವರಿಗೆ ಎರಡನೇ ಸಾಲಿನ ದುಡ್ಡು ಮಾತ್ರ. ಕೆಲವರು ಚೌಕಾಸಿ ಮಾಡುತ್ತಾರೆ. ಆಗ ಅವರು ತಂದದ್ದನ್ನೇ ಜೋರಾಗಿ ಓದಿ ಹೇಳುತ್ತೇನೆ. ಅರ್ಧ ಪುಟ ಆಗುವಷ್ಟರಲ್ಲಿ "ಆಯ್ತು ಬಿಡಕ್ಕ, ನೀವೇ ನೋಡಿ ಮಾಡಿ" ಅನ್ನುತ್ತಾರೆ.