ರೈಲಿನಲ್ಲಿ ಪಕ್ಕದವರಿಗೆ ಸುವಾರ್ತೆ ಹೇಳುವುದಾದರೆ

ಮೈಸೂರಿನಿಂದ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ದಿನಾ ಓಡಾಡುವವರು ನಮ್ಮಲ್ಲಿ ಸುಮಾರು ಜನ ಇದ್ದೀರಿ. ನಿಮಗಾಗಿ ಇದು.

ಕರಪತ್ರ ಮೊದಲು ಬ್ಯಾಗಿನಲ್ಲೇ ಇರಲಿ. ಪಕ್ಕದವರು ಮಂಡ್ಯದವರಾದರೆ ಕಬ್ಬಿನ ದುಡ್ಡು ಬಂತಾ, ನಾಲೆಗೆ ನೀರು ಬಿಟ್ಟರಾ ಅಂತ ಮಾತು ತಾನಾಗೇ ಶುರುವಾಗುತ್ತದೆ. ಪೂರ್ತಿ ಕೇಳಿ. ಸುಮ್ನೆ ಕೇಳುವ ಹಾಗೆ ನಟಿಸಿದರೆ ಗೊತ್ತಾಗಿಬಿಡುತ್ತದೆ. ಮನೆ ಕಷ್ಟ ಹೇಳಿಕೊಂಡರೆ, "ಅಣ್ಣಾ, ನನ್ನ ನಂಬಿಕೆ ಬಗ್ಗೆ ಒಂದು ಮಾತು ಹೇಳಲಾ?" ಅನ್ನಿ. ಬೇಡ ಅಂದರೆ ಆ ವಿಷಯ ಬಿಟ್ಟುಬಿಡಿ, ಆದರೆ ಮುಖ ತಿರುಗಿಸಿ ಕೂರಬೇಡಿ.

ಹೇಳಿ ಅಂದರೆ ಬೈಬಲ್ ವಚನದ ಮೇಲೆ ವಚನ ಒಪ್ಪಿಸುವುದು ಬೇಡ. ಲೂಕನ ಸುವಾರ್ತೆ 15ನೇ ಅಧ್ಯಾಯದ ಕಥೆ ಸಾಕು. ಕಿರಿಮಗ ಆಸ್ತಿಯಲ್ಲಿ ಪಾಲು ಈಸಿಕೊಂಡು ಹೋಗಿ ಎಲ್ಲ ಹಾಳು ಮಾಡುತ್ತಾನೆ. ಹಂದಿ ಮೇಯಿಸುವ ಗತಿ ಬಂದು ಮನೆಗೆ ಹೊರಡುತ್ತಾನೆ. ಅಪ್ಪ ದೂರದಿಂದಲೇ ನೋಡಿ, ಓಡಿ ಬಂದು ತಬ್ಬಿಕೊಳ್ಳುತ್ತಾನೆ. ಪಾಲಿನ ಜಗಳ ನೋಡದ ಊರು ನಮ್ಮ ಕಡೆ ಎಲ್ಲಿದೆ, ಅಲ್ವಾ? ಆಮೇಲೆ ಹೇಳಿ: ದೇವರೂ ಹಾಗೇ ಕಾಯುತ್ತಾನೆ. ನಮ್ಮ ಪಾಪಕ್ಕಾಗಿ ಯೇಸು ಶಿಲುಬೆಯಲ್ಲಿ ಸತ್ತು, ಮೂರನೇ ದಿನ ಎದ್ದ. ರಕ್ಷಣೆ ದುಡಿದು ಗಳಿಸುವುದಲ್ಲ, ನಂಬಿ ಪಡೆಯುವುದು.

ಅವರ ದೇವರನ್ನು ಹೀಗಳೆಯುವುದು, ಕಾಯಿಲೆ ವಾಸಿಯಾಗುತ್ತೆ, ಸಾಲ ತೀರುತ್ತೆ ಅಂತ ಆಸೆ ಹುಟ್ಟಿಸುವುದು ಖಂಡಿತ ಬೇಡ. ನಿಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡಿ ಅಂತ ಬೈಬಲಿನ 1 ಪೇತ್ರ 3:15 ಅನ್ನುತ್ತದೆ, ಆದರೆ ಮೃದುವಾಗಿ, ಗೌರವದಿಂದ. ಪ್ರಾರ್ಥನೆ ಅವರು ಕೇಳಿದರೆ ಮಾತ್ರ, ಮೆಲ್ಲಗೆ. ಇನ್ನೂ ತಿಳಿಯಬೇಕು ಅಂದವರಿಗೆ ಕರಪತ್ರಕ್ಕಿಂತ ಲೂಕನ ಸುವಾರ್ತೆಯ ಪುಟ್ಟ ಪುಸ್ತಕವೇ ಕೊಡಿ.