ಪಕ್ಕದ ಫ್ಯಾಕ್ಟರಿಯವರಿಗೆ ಹಿತ್ತಿಲು ತೋರಿಸಿದ ಮೇಲೆ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ನಮ್ಮದೊಂದು ಸಣ್ಣ ಯೂನಿಟ್ ಇದೆ. ನಾಲ್ಕು ಪವರ್ ಪ್ರೆಸ್, ಒಂದು ಜಿಂಕ್ ಪ್ಲೇಟಿಂಗ್ (ಸತುವಿನ ಲೇಪ ಕೊಡುವ) ಲೈನ್, ಮೇಲ್ಮಹಡಿಯಲ್ಲಿ ಅಸೆಂಬ್ಲಿ, ಎಲ್ಲ ಸೇರಿ 38 ಜನ. ಬ್ರಾಕೆಟ್, ಕ್ಲಾಂಪ್ ಒತ್ತಿ, ಪ್ಲೇಟಿಂಗ್ ಮಾಡಿ ದೊಡ್ಡ ಕಂಪನಿಗಳಿಗೆ ಕಳಿಸುತ್ತೇವೆ. ಮೂರು ವರ್ಷದಿಂದ ನಾವು ಆರು ಯೂನಿಟ್‌ನವರು ಒಂದು ಅಭ್ಯಾಸ ಇಟ್ಟುಕೊಂಡಿದ್ದೇವೆ. ಎರಡು ತಿಂಗಳಿಗೊಮ್ಮೆ ಒಬ್ಬರ ಫ್ಯಾಕ್ಟರಿಗೆ ಉಳಿದ ಐದೂ ಜನ ಹೋಗಿ, ಅರ್ಧ ದಿನ ಇದ್ದು, ಕೆಲಸದವರ ಸುರಕ್ಷತೆ, ಕೂಲಿ, ಹೊರಗೆ ಹೋಗುವ ನೀರು ಎಲ್ಲ ನೋಡಿ ಇದ್ದದ್ದು ಇದ್ದ ಹಾಗೆ ಹೇಳುತ್ತೇವೆ. ಇದನ್ನು ಹೇಗೆ ಮಾಡಿದಿರಿ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾದದ್ದು ಒಂದು ಪ್ರಶ್ನಾವಳಿಯಿಂದ. ಷೇರುಪೇಟೆ ನಿಯಂತ್ರಕ ಸೆಬಿ 2022-23ರಿಂದ ಷೇರುಪೇಟೆಯ ಮೊದಲ 1000 ಕಂಪನಿಗಳಿಗೆ ಪರಿಸರ, ಕಾರ್ಮಿಕರು, ಆಡಳಿತ ಕುರಿತ ವರದಿ ಕಡ್ಡಾಯ ಮಾಡಿತು. ಬಿಆರ್‌ಎಸ್‌ಆರ್ ಅಂತಾರಲ್ಲ, ಅದು. ಅವರಿಗೆ ಬಂದ ಪ್ರಶ್ನೆ ಅವರಿಗೆ ಮಾಲು ಕೊಡುವ ನಮ್ಮಂಥವರವರೆಗೂ ಇಳಿದು ಬಂತು. 'ನಿಮ್ಮಲ್ಲಿ ತ್ಯಾಜ್ಯ ನೀರಿನ ಶುದ್ಧೀಕರಣ ಇದೆಯಾ?' ಹೌದು. 'ಓಟಿಗೆ (ಹೆಚ್ಚುವರಿ ಗಂಟೆಯ ಕೆಲಸಕ್ಕೆ) ಕಾನೂನಿನ ಪ್ರಕಾರ ಕೂಲಿ ಕೊಡುತ್ತೀರಾ?' ಹೌದು. ಎಲ್ಲದಕ್ಕೂ ಹೌದು ಬರೆದು ಒಂದು ಗಂಟೆಯಲ್ಲಿ ಮುಗಿಸಿದೆ. ಪಕ್ಕದ ರಸ್ತೆಯ ಗೆಳೆಯ ಫೋನ್ ಮಾಡಿ "ಗುರುವೇ, ನೀನು ಏನು ಬರೆದೆ ಕಳಿಸು" ಅಂದ, ಕಳಿಸಿದೆ. ಆಮೇಲೆ ಅದನ್ನೆಲ್ಲ ಪರಿಶೀಲಿಸೋಕೆ ಆಡಿಟರ್ ಬಂದರು. ಆಫೀಸಿನಲ್ಲಿ ಕೂತು ಫೈಲು ನೋಡಿ, ಹತ್ತು ನಿಮಿಷ ಒಳಗೆ ಸುತ್ತಿ ಹೊರಟರು. ನನಗೆ ಒಳ್ಳೆಯ ಮಾರ್ಕೇ ಬಂತು.

ಅದೇ ವಾರ ಪ್ಲೇಟಿಂಗ್ ಲೈನಿನ ಹೆಲ್ಪರ್ ಹುಡುಗ ಬೆರಳು ತೋರಿಸಿದ. ಗಂಟಿನ ಹತ್ತಿರ ಸಣ್ಣ ತೂತಿನಂಥ ಹುಣ್ಣು, ಒಂದು ತಿಂಗಳಿಂದ ಮಾಗಿಲ್ಲ. ಜಿಂಕ್ ಲೇಪ ಬೇಗ ಹಾಳಾಗದ ಹಾಗೆ ಕೊನೆಗೆ ಅದ್ದುವ ಕ್ರೋಮ್ ದ್ರಾವಣ ಚರ್ಮಕ್ಕೆ ತಾಗುತ್ತಾ ಇದ್ದರೆ ಹಾಗಾಗುತ್ತದೆ. ಗ್ಲೌಸ್ ಕೊಟ್ಟಿದ್ದೆ, ಅದು ಹರಿದು ಎಷ್ಟು ದಿನವಾಗಿತ್ತೋ ನಾನು ನೋಡಿರಲಿಲ್ಲ. ಫಾರಂನಲ್ಲಿ ಮಾತ್ರ 'ಸುರಕ್ಷತಾ ಸಾಮಗ್ರಿ ಕೊಡಲಾಗಿದೆ: ಹೌದು' ಅಂತಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸ್ವಲ್ಪ ದಿನಕ್ಕೆ ಒಂದು ತರಬೇತಿಗೆ ಹೋಗಿದ್ದೆ. ಅಲ್ಲಿ ವಿಶ್ವಸಂಸ್ಥೆಯ ಗ್ಲೋಬಲ್ ಕಾಂಪ್ಯಾಕ್ಟ್ ಬಗ್ಗೆ ಹೇಳಿದರು. 2000ರಲ್ಲಿ ಶುರುವಾದ ಜಾಲ ಅದು. ಮಾನವ ಹಕ್ಕು, ಕಾರ್ಮಿಕರು, ಪರಿಸರ ಅಂತ ಮೊದಲು ಒಂಬತ್ತು ತತ್ವ ಇತ್ತು, 2004ರಲ್ಲಿ ಲಂಚದ ವಿರುದ್ಧ ಹತ್ತನೆಯದು ಸೇರಿತು. ಸೇರಿದ ಕಂಪನಿಗಳು ವರ್ಷ ವರ್ಷ ಏನು ಮಾಡಿದೆವು ಅಂತ ವರದಿ ಕೊಡಬೇಕು. ಕೆಲವು ದೇಶಗಳಲ್ಲಿ ಸದಸ್ಯರೇ ಒಬ್ಬರ ವರದಿ ಇನ್ನೊಬ್ಬರು ಓದಿ, ಎದುರು ಬದುರು ಕೂತು ಪ್ರಶ್ನೆ ಕೇಳುತ್ತಾರಂತೆ. ನನಗೆ ಹಿಡಿಸಿದ್ದು ಅದೇ. ನಮ್ಮಂಥವರ ಹತ್ತಿರ ಓದೋಕೆ ವರದಿ ಎಲ್ಲಿದೆ, ಆದರೆ ಫ್ಯಾಕ್ಟರಿ ಇದೆಯಲ್ಲ, ಅದನ್ನೇ ನೋಡೋಣ ಅಂತ ಗೆಳೆಯರನ್ನು ಕೇಳಿದೆ. ಆರು ಜನ ಸೇರಿದೆವು. ಮೂವರು ಪ್ಲೇಟಿಂಗ್ ಇರುವವರು, ಮೂವರು ಬರೀ ಪ್ರೆಸ್ ಮತ್ತು ಮಷಿನಿಂಗ್.

ಮೊದಲ ಮೂರು ಭೇಟಿ ದಂಡ ಆಯಿತು. ಹಿಂದಿನ ದಿನ ತೊಳೆದು, ಹಳದಿ ಗೆರೆ ಬಳಿದು, ಹೊಸ ಹೆಲ್ಮೆಟ್ ಹಾಕಿಸಿ, ಮಧ್ಯಾಹ್ನ ಹೋಳಿಗೆ ಊಟ. ಎಲ್ಲರೂ ಚೆನ್ನಾಗಿದೆ ಅಂದು ಹೊರಟೆವು. ನಮ್ಮಲ್ಲಿ ಹಿರಿಯರೊಬ್ಬರಿದ್ದಾರೆ, ಮೂವತ್ತು ವರ್ಷ ಪ್ಲೇಟಿಂಗ್‌ನಲ್ಲೇ ಇದ್ದವರು, ಯಜಮಾನ್ರು ಅಂತಲೇ ಕರೆಯುತ್ತೇವೆ. ಮೂರನೇ ಸಲ ಕೈ ತೊಳೆಯುತ್ತಾ ಅವರು ಹೇಳಿದರು: "ನೋಡ್ರಪ್ಪಾ, ಹೆಣ್ಣು ನೋಡೋಕೆ ಬಂದ ಹಾಗಾಯ್ತು ಇದು. ಮುಂದಿನ ಸಲದಿಂದ ಹಿತ್ತಿಲು ತೋರಿಸಿ, ಇಲ್ಲಾಂದ್ರೆ ನಾನು ಬರಲ್ಲ."

ಅಲ್ಲಿಂದ ನಿಯಮ ಬದಲಾಯಿತು. ಆಡಿಟರ್‌ಗೆ ತೋರಿಸದ ಜಾಗವನ್ನೇ ಆ ಫ್ಯಾಕ್ಟರಿಯವರು ಮೊದಲು ತೋರಿಸಬೇಕು. ಫೋಟೋ ಬೇಡ. ಗಿರಾಕಿ ಹೆಸರು, ರೇಟು, ಕೊಟೇಶನ್ ಮಾತು ಪೂರ್ತಿ ಬಂದ್, ಏಕೆಂದರೆ ನಮ್ಮಲ್ಲಿ ಒಂದೇ ಕೆಲಸಕ್ಕೆ ಪೈಪೋಟಿ ಮಾಡುವವರೂ ಇದ್ದಾರೆ, ಮತ್ತೆ ಸೇರಿ ಬೆಲೆ ಮಾತಾಡುವುದು ಕಾನೂನಿಗೂ ತಪ್ಪು. ಕೊನೆಗೆ ಒಂದು ಹಾಳೆಯಲ್ಲಿ ಎರಡೇ ಎರಡು ವಿಷಯ ಬರೆಯಬೇಕು, ಮುಂದಿನ ವರ್ಷದ ಭೇಟಿ ಅವೆರಡರಿಂದಲೇ ಶುರು.

ನಾಲ್ಕನೇ ಸರದಿ ನನ್ನದು. ಸೀದಾ ಪ್ಲೇಟಿಂಗ್ ಲೈನಿಗೆ ಕರೆದುಕೊಂಡು ಹೋದೆ. ಯಜಮಾನ್ರು ಏನೂ ಕೇಳಲಿಲ್ಲ. ಟ್ಯಾಂಕಿನ ಪಕ್ಕ ನಿಂತು, ಹುಡುಗ ಮಾಲು ನೇತು ಹಾಕಿದ ರ್‍ಯಾಕ್ ಎತ್ತುವುದನ್ನೇ ನೋಡುತ್ತಿದ್ದರು. "ಎರಡು ಸೆಕೆಂಡ್" ಅಂದರು. ಅಂದರೆ ದ್ರಾವಣದಿಂದ ಎತ್ತಿದ ರ್‍ಯಾಕನ್ನು ಎರಡೇ ಸೆಕೆಂಡಿನಲ್ಲಿ ತೊಳೆಯುವ ಟ್ಯಾಂಕಿಗೆ ಅದ್ದುತ್ತಿದ್ದ. ತೊಟ್ಟಿಕ್ಕಬೇಕಾದ ದ್ರಾವಣ ಎಲ್ಲ ತೊಳೆಯುವ ನೀರಿಗೆ ಹೋಗುತ್ತಿತ್ತು. ದುಡ್ಡು ಕೊಟ್ಟು ತಂದ ಕೆಮಿಕಲ್ಲನ್ನೇ ನೀರಿಗೆ ಸೇರಿಸಿ, ಆಮೇಲೆ ಅದನ್ನು ತೆಗೆಯೋಕೆ ಮತ್ತೆ ದುಡ್ಡು ಹಾಕುತ್ತಿದ್ದೆ. ಟ್ಯಾಂಕಿನ ಮೇಲೆ ಒಂದು ಕಂಬಿ ಹಾಕಿಸಿ, ರ್‍ಯಾಕನ್ನು ಹದಿನೈದು ಸೆಕೆಂಡ್ ನೇತು ಹಾಕಿ ಅಂದರು. ತೊಳೆಯುವ ಟ್ಯಾಂಕನ್ನೂ ಒಂದರ ಹಿಂದೆ ಒಂದು ಮೂರು ಮಾಡಿ, ಹೊಸ ನೀರು ಕೊನೆಯ ಟ್ಯಾಂಕಿಗೆ ಬಿಟ್ಟು ಹಿಂದಕ್ಕೆ ಹರಿಸಿ ಅಂದರು. ಮಾಡಿದೆವು. ದಿನಕ್ಕೆ ಎರಡು ಟ್ಯಾಂಕರ್ ನೀರು ಬೇಕಿತ್ತು, ಒಂದಕ್ಕೆ ಇಳಿಯಿತು.

ಆಮೇಲೆ ಇಟಿಪಿಗೆ, ಅಂದರೆ ತ್ಯಾಜ್ಯ ನೀರು ಶುದ್ಧ ಮಾಡುವ ಘಟಕಕ್ಕೆ ಬಂದರು. ಪ್ಲೇಟಿಂಗ್ ಮಾಡುವವರಿಗೆ ಗೊತ್ತು, ಹಳದಿ ಕ್ರೋಮ್ ಅಂದರೆ ಹೆಕ್ಸಾವೇಲೆಂಟ್, ವಿಷ. ಮೊದಲು ಆಸಿಡ್ ಹಾಕಿ ಪಿಎಚ್ (ನೀರಿನ ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಅಂಕಿ ಕಮ್ಮಿ) 3ಕ್ಕಿಂತ ಕೆಳಗೆ ತರಬೇಕು, ಆಮೇಲೆ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದರೆ ನೀರು ಹಸಿರಾಗುತ್ತದೆ. ಅದು ಟ್ರೈವೇಲೆಂಟ್, ವಿಷ ಕಮ್ಮಿ. ಆಗ ಸುಣ್ಣ ಹಾಕಿದರೆ ಕ್ರೋಮ್ ಕೆಸರಾಗಿ ತಳಕ್ಕೆ ಕೂರುತ್ತದೆ. ನಮ್ಮ ಹುಡುಗ ಆಸಿಡನ್ನು ಕಣ್ಣಂದಾಜಿನಲ್ಲಿ ಹಾಕುತ್ತಿದ್ದ, ಸಾಕಾಗುತ್ತಿರಲಿಲ್ಲ. ಪಿಎಚ್ ಮೇಲಿದ್ದರೆ ಕ್ರಿಯೆ ತುಂಬಾ ನಿಧಾನ. ಅಷ್ಟರಲ್ಲೇ ಸುಣ್ಣ ಬೀಳುತ್ತಿತ್ತು. ಹಳದಿ ಕ್ರೋಮ್ ಕೆಳಗೆ ಕೂರುವುದೇ ಇಲ್ಲ, ನೀರಿನ ಜೊತೆ ಹೊರಗೆ ಹೋಗುತ್ತದೆ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿದೆ ಅಂತ ಎಷ್ಟೋ ವರ್ಷದಿಂದ ಕೇಳುತ್ತಿದ್ದೆ. ಅದರಲ್ಲಿ ನನ್ನ ಪಾಲೂ ಇದೆ ಅಂತ ಅವತ್ತು ಗೊತ್ತಾಯಿತು. ಆಡಿಟರ್ ಕೇಳಿದ್ದು ಇಟಿಪಿ ಇದೆಯಾ, ಲಾಗ್ ಬುಕ್ ಇದೆಯಾ ಅಂತ. ಎರಡೂ ಇತ್ತು. ಯಜಮಾನ್ರು ಬಗ್ಗಿ ನೀರಿನ ಬಣ್ಣ ನೋಡಿದರು. ಅದೇ ತಪ್ಪನ್ನು ತಾವೂ ಐದು ವರ್ಷ ಮಾಡಿದ್ದೆ ಅಂತ ಅವರೇ ಹೇಳಿದಾಗ ನನಗೆ ಅವಮಾನ ಅನಿಸಲಿಲ್ಲ, ಬೇಗ ಸರಿ ಮಾಡಬೇಕು ಅನಿಸಿತು. ಮರುದಿನವೇ ಪಿಎಚ್ ಮೀಟರ್ ತಂದೆ. ಆ ವರ್ಷವೇ ಪಾಸಿವೇಶನ್ ದ್ರಾವಣವನ್ನೂ, ಅಂದರೆ ಕೊನೆಗೆ ಅದ್ದುವ ಆ ಕ್ರೋಮ್ ದ್ರಾವಣವನ್ನೂ, ಟ್ರೈವೇಲೆಂಟಿಗೆ ಬದಲಿಸಿದೆವು. ಯಾವ ಗಿರಾಕಿಗೆ ಹೊಸ ಸ್ಯಾಂಪಲ್ ಒಪ್ಪಿಗೆ ಬೇಕು, ಬಣ್ಣ ಹೇಗೆ ಬರುತ್ತದೆ ಅಂತ ಮೊದಲೇ ಬದಲಿಸಿದ್ದವರು ಕೂತು ಹೇಳಿಕೊಟ್ಟರು.

ಪ್ರೆಸ್ ವಿಷಯದಲ್ಲೂ ಒಂದು ದೊಡ್ಡ ತಪ್ಪು ತಪ್ಪಿತು. ಕೈ ಅಡ್ಡ ಬಂದರೆ ಮಷಿನ್ ನಿಲ್ಲಿಸುವ ಲೈಟ್ ಕರ್ಟನ್‌ಗಳನ್ನು ಆರೂ ಜನ ಸೇರಿ ತರಿಸೋಣ ಅಂತಿದ್ದೆವು. ಆರ್ಡರ್ ಹಾಕುವ ಮೊದಲು ಒಬ್ಬರು ನನ್ನ ಪ್ರೆಸ್ ನೋಡಿ "ಇದು ಕೀ ಕ್ಲಚ್ ಕಣ್ರೀ, ಒಮ್ಮೆ ಹೊಡೆತ ಶುರುವಾದರೆ ಮಧ್ಯದಲ್ಲಿ ನಿಲ್ಲಲ್ಲ, ಇದಕ್ಕೆ ಕರ್ಟನ್ ಹಾಕಿ ಏನು ಉಪಯೋಗ?" ಅಂದರು. ಅಂಥ ಪ್ರೆಸ್‌ಗೆ ಡೈ (ಒತ್ತುವ ಅಚ್ಚು) ಸುತ್ತ ಕೈ ಹೋಗದ ಹಾಗೆ ಗಟ್ಟಿ ಗಾರ್ಡ್ ಬೇಕು. ಗೊತ್ತಿಲ್ಲದೆ ಹಾಕಿದ್ದರೆ ಸುರಕ್ಷಿತ ಅಂತ ನಂಬಿ ಯಾರೋ ಕೈ ಕಳಕೊಳ್ಳುತ್ತಿದ್ದರು.

ಕಷ್ಟವಾದದ್ದು ಓಟಿ. ಕಾನೂನಿನ ಪ್ರಕಾರ ದುಪ್ಪಟ್ಟು ಕೊಡಬೇಕು. ಆರು ಜನರಲ್ಲಿ ಎಷ್ಟು ಜನ ಕೊಡುತ್ತಿದ್ದೀರಿ ಅಂದಾಗ ಯಾರೂ ಮಾತಾಡಲಿಲ್ಲ. ಕೊನೆಗೆ ಒಬ್ಬರು ಎದ್ದು, ನಿಜವಾದ ಓಟಿ ಲೆಕ್ಕ ಬರೆದಿಟ್ಟ ಎರಡನೇ ಪುಸ್ತಕ ತಂದು ಮೇಜಿನ ಮೇಲಿಟ್ಟರು. ಆಮೇಲೆ ಒಬ್ಬೊಬ್ಬರೇ ಒಪ್ಪಿಕೊಂಡೆವು. ನಾನೊಬ್ಬನೇ ಕೊಟ್ಟರೆ ಉಳಿಯಲ್ಲ ಅನ್ನುವ ಭಯ ಎಲ್ಲರಿಗೂ ಇತ್ತು. ಕಾನೂನು ಪಾಲಿಸುವುದನ್ನು ಎಲ್ಲರೂ ಒಂದೇ ತಿಂಗಳಿಂದ ಶುರು ಮಾಡೋಣ ಅಂತ ಮಾತಾಯಿತು. ಓಟಿ ಯಾಕೆ ಬರುತ್ತಿದೆ ಅಂತಲೂ ನೋಡಿದೆವು. ಗುರುವಾರ ಸಂಜೆ ಆರ್ಡರ್ ಬಂದು ಸೋಮವಾರ ಮಾಲು ಬೇಕು ಅನ್ನುವುದೇ ಮುಖ್ಯ ಕಾರಣ. ಅವರವರ ಗಿರಾಕಿಗಳಿಗೆ ಅವರವರೇ ಬರೆದು ಒಂದು ವಾರ ಮೊದಲೇ ಶೆಡ್ಯೂಲ್ ಕೇಳಿದೆವು. ಕೆಲವರು ಒಪ್ಪಿದರು, ಕೆಲವರು ಉತ್ತರವನ್ನೇ ಕೊಡಲಿಲ್ಲ. ದೊಡ್ಡ ಕಂಪನಿಗಳು ನಮಗೆ ಪ್ರಶ್ನಾವಳಿ ಕಳಿಸುವುದರ ಜೊತೆ ಇದನ್ನೂ ಯೋಚಿಸಬೇಕು, ಅಲ್ವಾ?

ಒಂದೂವರೆ ವರ್ಷ ಆಗುವಷ್ಟರಲ್ಲಿ ಇನ್ನೊಂದು ತೊಂದರೆ ಕಂಡಿತು. ನಾವು ಚೆನ್ನಾಗಿ ಗೆಳೆಯರಾಗಿಬಿಟ್ಟಿದ್ದೆವು. ಮಾತು ಮೆತ್ತಗಾಗುತ್ತಿತ್ತು. ಭೋಪಾಲ್ ದುರಂತದ ಮರುವರ್ಷ, 1985ರಲ್ಲಿ, ಕೆನಡಾದ ಕೆಮಿಕಲ್ ಕಂಪನಿಗಳು 'ರೆಸ್ಪಾನ್ಸಿಬಲ್ ಕೇರ್' ಅಂತ ಒಂದು ಒಪ್ಪಂದ ಮಾಡಿಕೊಂಡಿದ್ದವು. ಅಲ್ಲಿ ಮುಂದೆ ತಪಾಸಣೆ ತಂಡಕ್ಕೆ ಉದ್ಯಮದವರ ಜೊತೆ ಫ್ಯಾಕ್ಟರಿ ಸುತ್ತಲಿನ ಜನರನ್ನೂ ಸೇರಿಸಿಕೊಂಡರು. ಮಾಲೀಕರಿಗೆ ಮಾಲೀಕರೇ ಮಾರ್ಕು ಹಾಕಿದರೆ ಸಾಲದು ಅಂತ ನಮಗೂ ಅನಿಸಿತು. ಗುಂಪಿನ ಒಂದು ಯೂನಿಟ್‌ನಲ್ಲಿ ಎಚ್‌ಆರ್ ನೋಡುವ ಒಬ್ಬರು ಅಕ್ಕ ಇದ್ದಾರೆ, ಹಿಂದಿ ಚೆನ್ನಾಗಿ ಬರುತ್ತದೆ. ಒಡಿಶಾ, ಬಿಹಾರದ ಹುಡುಗರು ನಮ್ಮಲ್ಲಿ ಜಾಸ್ತಿ. ಪ್ರತಿ ಭೇಟಿಯಲ್ಲೂ ಒಂದು ಗಂಟೆ ಅವರು ಕೆಲಸದವರ ಜೊತೆ ಕೂರುತ್ತಾರೆ. ಮಾಲೀಕರು, ಸೂಪರ್‌ವೈಸರ್ ಯಾರೂ ಇರುವ ಹಾಗಿಲ್ಲ, ಯಾರು ಏನು ಹೇಳಿದರು ಅಂತ ಹೆಸರೂ ಹೊರಗೆ ಬರುವುದಿಲ್ಲ.

ನನ್ನ ಎರಡನೇ ಸರದಿಯಲ್ಲಿ ಅವರು ಬಂದು ಹೇಳಿದ್ದು ಇಷ್ಟು: "ಸರ್, ಮೇಲಿನ ಅಸೆಂಬ್ಲಿ ಹೆಣ್ಣುಮಕ್ಕಳ ಟಾಯ್ಲೆಟ್ ಬೀಗದ ಕೈ ಸೂಪರ್‌ವೈಸರ್ ಹತ್ತಿರ ಇರುತ್ತೆ. ಕೇಳೋಕೆ ಮುಜುಗರ ಅಂತ ಬೆಳಗ್ಗೆಯಿಂದ ನೀರೇ ಕುಡಿಯಲ್ಲ ಅವರು." ಆರು ಮಾಲೀಕರು ಆ ಮಹಡಿಯಲ್ಲಿ ಎರಡು ಸಲ ಓಡಾಡಿದ್ದೆವು. ಯಾರಿಗೂ ಕಂಡಿರಲಿಲ್ಲ. ಬೀಗ ಅವತ್ತೇ ತೆಗೆಸಿದೆ.

ಸ್ಲಡ್ಜ್, ಅಂದರೆ ಇಟಿಪಿಯಲ್ಲಿ ತಳಕ್ಕೆ ಕೂರುವ ಆ ಕೆಸರಿನ ವಿಷಯ ಈಗ ದಾರಿಗೆ ಬಂದಿದೆ. 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವ ಹಾಗಿಲ್ಲ, ಆದರೆ ನಾಲ್ಕು ಚೀಲಕ್ಕೆ ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಘಟಕಕ್ಕೆ ಲಾರಿ ಕಳಿಸೋದು ದುಬಾರಿ ಅಂತ ಮೂಲೆಯಲ್ಲಿ ಬಿದ್ದಿರುತ್ತಿತ್ತು. ಈಗ ಪ್ಲೇಟಿಂಗ್ ಇರುವ ಮೂವರೂ ಒಂದೇ ದಿನ ಗೊತ್ತು ಮಾಡಿ, ಪರವಾನಗಿ ಇರುವ ಲಾರಿ ಕರೆಸುತ್ತೇವೆ. ಪ್ರತಿ ಯೂನಿಟ್‌ಗೂ ಬೇರೆ ಮ್ಯಾನಿಫೆಸ್ಟ್ (ತ್ಯಾಜ್ಯ ಸಾಗಣೆಯ ದಾಖಲೆ ಚೀಟಿ).

ನನ್ನ ಹಾಳೆಯಲ್ಲಿ ಒಂದು ವಿಷಯ ಹೋದ ವರ್ಷದಿಂದ ಹಾಗೇ ಉಳಿದಿದೆ. ಕಾಂಟ್ರಾಕ್ಟರ್ ಕಡೆಯ ನಾಲ್ಕು ಲೋಡಿಂಗ್ ಹುಡುಗರಿಗೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಆಗಿಲ್ಲ. ಕಾಂಟ್ರಾಕ್ಟರ್ ಮಾಡಿಸುತ್ತೇನೆ ಅಂತಲೇ ಇದ್ದ, ನಾನೂ ಸುಮ್ನೆ ಕಾಯುತ್ತಾ ಕೂತೆ. ಈಗ ಅವರನ್ನು ನಮ್ಮ ಹಾಜರಿಗೇ ತೆಗೆದುಕೊಳ್ಳೋಣ ಅಂತ ಆಧಾರ್, ಬ್ಯಾಂಕ್ ಪಾಸ್‌ಬುಕ್ ತರಿಸುತ್ತಿದ್ದೇನೆ. ಇಬ್ಬರದ್ದು ಬಂದಿದೆ, ಇನ್ನಿಬ್ಬರದ್ದು ಬರಬೇಕು. ಮುಂದಿನ ತಿಂಗಳು ಸರದಿ ನನ್ನದೇ.